ಯಾವುದಕ್ಕೆ ಹೋಲಿಸಿದರೆ?

ಈಗ ನೀವು ನೋಡುತ್ತಿರುವುದು ನಾಲ್ಕು ಖಾಲಿ ಕುರ್ಚಿ. ಇನ್ನು ಅರ್ಧ ಗಂಟೆಯಲ್ಲಿ ಇವು ತುಂಬುತ್ತವೆ. ಆಮೇಲೆ ಇಲ್ಲಿ ವಾದ ಶುರುವಾಗುತ್ತದೆ.

ಪ್ರತಿ ಶನಿವಾರ ಸಂಜೆ ನಾವು ನಾಲ್ಕು ಜನ ಸೇರುತ್ತೇವೆ. ಅಕ್ಕ, ಭಾವ, ನನ್ನ ಗೆಳೆಯ, ಮತ್ತೆ ನಾನು. ನಮ್ಮಲ್ಲಿ ಯಾರೂ ವಿಜ್ಞಾನಿಗಳಲ್ಲ. ಅಕ್ಕ ಲೆಕ್ಕಪತ್ರ ನೋಡುವವಳು. ಭಾವನದು ಗಾಡಿ ರಿಪೇರಿ ಕೆಲಸ. ಆದರೆ ಮಾತು ಮಾತ್ರ ಊಟದ ತಟ್ಟೆಯಿಂದ ಹೊರಟು ಮಂಗಳ ಗ್ರಹದವರೆಗೂ ಹೋಗುತ್ತದೆ. ಕಡಿಮೆ ತಿಂದರೆ ಆಯಸ್ಸು ಜಾಸ್ತಿ ಆಗುತ್ತಾ? ಮನುಷ್ಯ 150 ವರ್ಷ ಬದುಕಬಹುದಾ? ಬಾಹ್ಯಾಕಾಶಕ್ಕೆ ಹೋದವರಿಗೆ ವಯಸ್ಸಾಗುವುದು ನಿಧಾನವಾ?

ಇಂಥದ್ದನ್ನೆಲ್ಲ ತಿಳಿದವರಿಗೆ ಬಿಟ್ಟುಬಿಡಿ, ನೀವು ಮಾತಾಡಿ ಏನು ಪ್ರಯೋಜನ ಅಂತ ತುಂಬಾ ಜನ ಕೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳೋಕೇ ಈ ವಿಡಿಯೋ.

ಶುರುವಾಗಿದ್ದು ಭಾವನ ರಾತ್ರಿ ಊಟದಿಂದ. ಅವರು ರಾತ್ರಿ ಊಟ ಬಿಟ್ಟು ಎರಡು ತಿಂಗಳಾಗಿತ್ತು. ತೂಕ ಇಳಿದಿತ್ತು. ನಿದ್ದೆ ಚೆನ್ನಾಗಿ ಬರುತ್ತಿತ್ತು. "ಕಡಿಮೆ ತಿಂದರೆ ಜಾಸ್ತಿ ಬದುಕಬಹುದು. ಇಲಿಗಳ ಮೇಲೆ ಮಾಡಿ ನೋಡಿದ್ದಾರೆ," ಅಂದರು. ಅಕ್ಕ ತಕ್ಷಣ, "ಇಲಿ ಬದುಕೋದೇ ಎರಡು ಮೂರು ವರ್ಷ. ಅದನ್ನ ನಮಗೆ ಹೇಗೆ ಹಚ್ತೀರಿ?" ಅಂದಳು. ಅವತ್ತು ರಾತ್ರಿ ಹನ್ನೊಂದಾದರೂ ಇಬ್ಬರೂ ಬಿಟ್ಟುಕೊಡಲಿಲ್ಲ.

ಭಾವ ಹೇಳಿದ ಇಲಿಯ ಕಥೆ ನಿಜ. 1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಇಲಿಗಳಿಗೆ ಕ್ಯಾಲೊರಿ ಕಡಿಮೆ ಕೊಟ್ಟರು. ವಿಟಮಿನ್, ಖನಿಜಗಳಿಗೆ ಮಾತ್ರ ಕೊರತೆ ಮಾಡಲಿಲ್ಲ. ಆ ಇಲಿಗಳು ನಿಧಾನವಾಗಿ ಬೆಳೆದವು, ಜಾಸ್ತಿ ದಿನ ಬದುಕಿದವು. ಅಕ್ಕನ ಪ್ರಶ್ನೆಯೂ ಸರಿಯಾಗೇ ಇತ್ತು. ನಮಗೆ ಇನ್ನೂ ಹತ್ತಿರದ ಪ್ರಾಣಿಯ ಮೇಲೆ ಯಾರಾದರೂ ನೋಡಿದ್ದಾರಾ? ಆ ವಾರವೆಲ್ಲ ನಾನು ಅದನ್ನೇ ಓದುತ್ತಾ ಕೂತೆ.

ನೋಡಿದ್ದಾರೆ. ರೀಸಸ್ ಕೋತಿಗಳ ಮೇಲೆ, ಅದೂ ಎರಡು ಕಡೆ. ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯಲ್ಲಿ 1987ರಲ್ಲಿ ಶುರುವಾಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ. ಎರಡೂ ಕಡೆ ಕೆಲವು ಕೋತಿಗಳಿಗೆ ಸುಮಾರು 30% ಕಡಿಮೆ ಆಹಾರ. ಈ ಕೋತಿಗಳು ಬೋನಿನಲ್ಲಿ ಇಪ್ಪತ್ತೈದು ವರ್ಷದ ಮೇಲೆ ಬದುಕುತ್ತವೆ, ಕೆಲವು ನಲವತ್ತರವರೆಗೂ. ಅಂದರೆ ಒಂದು ಪ್ರಶ್ನೆಗೆ ಉತ್ತರ ಬೇಕು ಅಂದರೆ ಕಾಲು ಶತಮಾನ ಕಾಯಬೇಕು. ಅಷ್ಟು ವರ್ಷ ಪ್ರತಿದಿನ ಅಳತೆ ಮಾಡಿ ಆಹಾರ ಹಾಕಿ, ತೂಕ ಬರೆದಿಟ್ಟ ಜನರನ್ನು ನೆನೆದರೆ ನನಗೆ ತುಂಬಾ ಗೌರವ ಬರುತ್ತದೆ.

2009ರಲ್ಲಿ ವಿಸ್ಕಾನ್ಸಿನ್‌ನವರು ಫಲಿತಾಂಶ ಹೇಳಿದರು. ಕಡಿಮೆ ತಿಂದ ಕೋತಿಗಳಲ್ಲಿ ವಯಸ್ಸಿನ ಕಾಯಿಲೆಗಳಿಂದ ಆದ ಸಾವು ಕಡಿಮೆ. ಭಾವ ಗೆದ್ದರು ಅಂದುಕೊಂಡೆ. ಮುಂದಕ್ಕೆ ಓದಿದರೆ, 2012ರಲ್ಲಿ ಇನ್ನೊಂದು ಸಂಸ್ಥೆಯವರು ತಮ್ಮ ಕೋತಿಗಳ ಆಯಸ್ಸಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ ಅಂದರು. ಅದೇ ಜಾತಿಯ ಕೋತಿ. ಅದೇ ಪ್ರಶ್ನೆ. ಉತ್ತರ ಬೇರೆ ಬೇರೆ.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿಬಿಡುತ್ತಿದ್ದೆ. ವಿಜ್ಞಾನಿಗಳೇ ಒಪ್ಪುವುದಿಲ್ಲ, ಇನ್ನು ನಾವೇನು ಹೇಳೋದು ಅಂತ ಕೈಬಿಡುವುದು ಸುಲಭ. ಆದರೆ ಕಾರಣ ಓದಿದಾಗ ನನಗೆ ನಿದ್ದೆಯೇ ಹೋಯಿತು.

ವಿಸ್ಕಾನ್ಸಿನ್‌ನ ಕೋತಿಗಳಿಗೆ ಕೊಟ್ಟ ಆಹಾರದಲ್ಲಿ ಸುಮಾರು 28% ಸಕ್ಕರೆ ಇತ್ತು. ಇನ್ನೊಂದು ಕಡೆ ಸುಮಾರು 4% ಮಾತ್ರ, ಉಳಿದದ್ದೂ ಧಾನ್ಯದಂಥ ಸಹಜ ಪದಾರ್ಥಗಳಿಂದ ಮಾಡಿದ ಆಹಾರ. ವಿಸ್ಕಾನ್ಸಿನ್‌ನಲ್ಲಿ 'ಮಾಮೂಲಿ' ಗುಂಪಿನ ಕೋತಿಗಳು ಬೇಕಾದಷ್ಟು ತಿನ್ನುತ್ತಿದ್ದವು. ಇನ್ನೊಂದು ಕಡೆ ಮಾಮೂಲಿ ಗುಂಪಿಗೂ ಅಳತೆ ಇತ್ತು, ಅವು ಬೊಜ್ಜು ಬರುವಷ್ಟು ತಿನ್ನಲಿಲ್ಲ. ಈಗ ನೀವೇ ಯೋಚಿಸಿ. ಒಂದು ಕಡೆ ಕಡಿಮೆ ತಿನ್ನುವವರನ್ನು ಮನಸ್ಸಿಗೆ ಬಂದಷ್ಟು ಸಿಹಿ ತಿನ್ನುವವರ ಪಕ್ಕ ನಿಲ್ಲಿಸಿದ್ದಾರೆ. ಇನ್ನೊಂದು ಕಡೆ ಹಿತಮಿತವಾಗಿ ತಿನ್ನುವವರ ಪಕ್ಕ ನಿಲ್ಲಿಸಿದ್ದಾರೆ. 'ಕಡಿಮೆ' ಅನ್ನುವ ಪದ ಒಂದೇ. ಅದರ ಅರ್ಥ ಎರಡು!

2017ರಲ್ಲಿ ಎರಡೂ ತಂಡಗಳು ಒಟ್ಟಿಗೆ ಕೂತು, ತಮ್ಮ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು, ಒಂದೇ ವರದಿ ಬರೆದವು. ಕಡಿಮೆ ತಿನ್ನುವುದರಿಂದ ಕೋತಿಗಳ ಆರೋಗ್ಯಕ್ಕೆ ಲಾಭವಿದೆ. ಆದರೆ ಏನು ತಿನ್ನುತ್ತಿದ್ದವು, ಯಾವ ವಯಸ್ಸಿನಲ್ಲಿ ಶುರುಮಾಡಿದರು, ಗಂಡೋ ಹೆಣ್ಣೋ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಇಷ್ಟು ವರ್ಷ ಎದುರುಬದುರು ನಿಂತವರು ಹೀಗೆ ಒಂದೇ ಮೇಜಿಗೆ ಬಂದದ್ದು ನನಗೆ ಆ ಫಲಿತಾಂಶಕ್ಕಿಂತ ದೊಡ್ಡದು ಅನಿಸಿತು.

ಮುಂದಿನ ಶನಿವಾರ ಇದನ್ನೆಲ್ಲ ಇಲ್ಲಿ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನಾನು ಊಟ ಒಂದೇ ಬಿಡಲಿಲ್ಲ ಕಣೋ. ಊಟ ಆದಮೇಲೆ ಟಿವಿ ಮುಂದೆ ಕೂತು ತಿನ್ನುತ್ತಿದ್ದ ಕರಿದ ತಿಂಡಿನೂ ನಿಂತಿತು. ಬೇಗ ಮಲಗೋಕೆ ಶುರುಮಾಡಿದೆ. ಯಾವುದರಿಂದ ತೂಕ ಇಳೀತು, ನನಗೇ ಗೊತ್ತಿಲ್ಲ." ಇದನ್ನು ಯಾರೂ ಅವರ ಬಾಯಿಂದ ಹೇಳಿಸಲಿಲ್ಲ. ತಾವೇ ಹೇಳಿದರು.

ಅವತ್ತಿನಿಂದ ನಮ್ಮಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿದೆ. ಯಾರು ಏನು ಹೇಳಿದರೂ ಇನ್ನೊಬ್ಬರು ಕೇಳುತ್ತಾರೆ: ಯಾವುದಕ್ಕೆ ಹೋಲಿಸಿದರೆ?

ಅಕ್ಕನಿಗೆ ಇದಕ್ಕೆ ಒಂದು ಹಳೇ ಉದಾಹರಣೆ ಇಷ್ಟ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ಸ್ಕರ್ವಿ ರೋಗ ಬಂದ 12 ನಾವಿಕರನ್ನು ಆರಿಸಿದ. ಎಲ್ಲರ ಸ್ಥಿತಿಯೂ ಹೆಚ್ಚು ಕಡಿಮೆ ಒಂದೇ. ಎಲ್ಲರಿಗೂ ಒಂದೇ ಜಾಗ, ಒಂದೇ ಊಟ. ಇಬ್ಬಿಬ್ಬರಿಗೆ ಒಂದೊಂದು ಬೇರೆ ಮದ್ದು. ಇಬ್ಬರಿಗೆ ವಿನೆಗರ್, ಇಬ್ಬರಿಗೆ ಸಮುದ್ರದ ನೀರು, ಹೀಗೆ. ಕಿತ್ತಳೆ, ನಿಂಬೆ ಸಿಕ್ಕ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಆದರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆ ರಸ ಕೊಡೋಕೆ ಶುರುಮಾಡಿದ್ದು 1795ರಲ್ಲಿ. "48 ವರ್ಷ! ಅಷ್ಟರಲ್ಲಿ ಎಷ್ಟು ಜನ ಸತ್ತಿರಬಹುದು?" ಇದನ್ನು ಹೇಳುವಾಗ ಪ್ರತಿ ಸಲ ಅಕ್ಕನ ಧ್ವನಿ ಏರುತ್ತದೆ.

ಆಯಸ್ಸಿನ ಮಾತು ಬಂದಾಗ ನಾವು ಬೇಗ ದಾಟಿದ ಒಂದು ವಿಷಯ ಇದೆ. ಹಿಂದಿನ ಕಾಲದವರು 30ಕ್ಕೇ ಸಾಯುತ್ತಿದ್ದರು ಅನ್ನುವ ಮಾತು. ಹತ್ತು ಮಕ್ಕಳು ಹುಟ್ಟಿ, ಐದು ಮಕ್ಕಳು ಹುಟ್ಟಿದ ಕೂಡಲೇ ತೀರಿಕೊಂಡು, ಉಳಿದ ಐದು ಜನ 60 ವರ್ಷ ಬದುಕಿದರೂ ಸರಾಸರಿ ಆಯಸ್ಸು 30 ವರ್ಷವೇ. ಅಲ್ಲಿ 30ಕ್ಕೆ ಸತ್ತವರು ಒಬ್ಬರೂ ಇಲ್ಲ. ಅಕ್ಕ ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ತೋರಿಸಿದಳು, ಆ ವಾದ ಅಲ್ಲಿಗೆ ಮುಗಿಯಿತು.

ಝಾನ್ ಕಾಲ್ಮೆಂಟ್ ವಿಷಯ ಹಾಗೆ ಮುಗಿಯಲಿಲ್ಲ. ಫ್ರಾನ್ಸಿನ ಈ ಅಜ್ಜಿ 1997ರಲ್ಲಿ ತೀರಿಕೊಂಡಾಗ ಅವರಿಗೆ 122 ವರ್ಷ, 164 ದಿನ. ದಾಖಲೆಯಲ್ಲಿ ಅವರಿಗಿಂತ ಹೆಚ್ಚು ಬದುಕಿದವರು ಇನ್ನೂ ಇಲ್ಲ. ಅವರು ದಶಕಗಳ ಕಾಲ ಸಿಗರೇಟು ಸೇದಿದವರು. "ನೋಡಿ, ಸಿಗರೇಟಿನಿಂದ ಏನೂ ಆಗಲ್ಲ," ಅಂದ ಗೆಳೆಯ. ನಾನು ಕೇಳಿದೆ, ಯಾವುದಕ್ಕೆ ಹೋಲಿಸಿದರೆ? ಸಿಗರೇಟು ಸೇದದ ಇನ್ನೊಬ್ಬ ಕಾಲ್ಮೆಂಟ್ ಎಲ್ಲಿದ್ದಾರೆ? 122 ವರ್ಷ ಬದುಕಬಹುದು ಅನ್ನುವುದಕ್ಕೆ ಒಬ್ಬರು ಸಾಕು. ಹೇಗೆ ಬದುಕಬೇಕು ಅನ್ನುವುದಕ್ಕೆ ಒಬ್ಬರು ಸಾಲದು.

ಗೆಳೆಯನ ಮನಸ್ಸು ಯಾವಾಗಲೂ ಬಾಹ್ಯಾಕಾಶದಲ್ಲೇ. ಅವನು ತಂದ ಉದಾಹರಣೆ ನಿಜಕ್ಕೂ ಚೆನ್ನಾಗಿತ್ತು. ಸ್ಕಾಟ್ ಕೆಲಿ, ಮಾರ್ಕ್ ಕೆಲಿ ಅವಳಿ ಜವಳಿ. ಇಬ್ಬರೂ ಗಗನಯಾತ್ರಿಗಳಾಗಿದ್ದವರು. 2015–16ರಲ್ಲಿ ಸ್ಕಾಟ್ 340 ದಿನ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು. ಮಾರ್ಕ್ ಭೂಮಿಯಲ್ಲೇ ಇದ್ದರು. ನಮ್ಮ ಜೀವಕೋಶದೊಳಗಿನ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಅಂತ ಇರುತ್ತದೆ. ವಯಸ್ಸಾದಂತೆ ಅದು ಸಾಮಾನ್ಯವಾಗಿ ಗಿಡ್ಡವಾಗುತ್ತದೆ. ಸ್ಕಾಟ್ ಮೇಲಿದ್ದಾಗ ಅದು ಉದ್ದವಾಯಿತು! "ಅಲ್ಲಿ ಯೌವನ ವಾಪಸ್ ಬರುತ್ತೆ," ಅಂದ ಗೆಳೆಯ. ಆದರೆ ಅವರು ಕೆಳಗೆ ಬಂದ ಮೇಲೆ ಅದು ಬೇಗನೇ ಮತ್ತೆ ಗಿಡ್ಡವಾಯಿತು. ಗಿಡ್ಡ ಟೆಲೊಮಿಯರ್‌ಗಳ ಸಂಖ್ಯೆ ಹೋಗುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚಾಯಿತು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. ಆದರೂ ಅದು ಒಂದೇ ಜೋಡಿ.

ಅಲ್ಲಿ ಕಾಲ ನಿಧಾನವಾಗಿ ಓಡುವುದು ನಿಜ. ಐನ್‌ಸ್ಟೈನ್ ಹೇಳಿದ್ದು ಅಳೆದು ನೋಡಿದರೂ ಸರಿಯಾಗಿದೆ. ಆದರೆ ಆರು ತಿಂಗಳು ನಿಲ್ದಾಣದಲ್ಲಿದ್ದರೆ ಸಿಗುವ ಲಾಭ ಒಂದು ಸೆಕೆಂಡಿನ ಸುಮಾರು ಇನ್ನೂರನೇ ಒಂದು ಭಾಗ. ಅದೇ ಹೊತ್ತಿನಲ್ಲಿ ಸೊಂಟದ ಮೂಳೆ ತಿಂಗಳಿಗೆ ಸುಮಾರು 1% ಸವೆಯಬಹುದು. ಅದನ್ನು ತಡೆಯೋಕೆ ಅವರು ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮ ಮಾಡುತ್ತಾರೆ.

ಮಾತು ಮಂಗಳಕ್ಕೆ ಬಂತು. ಹೋಗೋಕೆ ಆರೇಳು ತಿಂಗಳು, ವಾಪಸ್ ಬರೋಕೆ ಅಷ್ಟೇ. ಭೂಮಿ, ಮಂಗಳ ಹತ್ತಿರ ಬರುವುದು 26 ತಿಂಗಳಿಗೆ ಒಂದು ಸಲ. ಹಾಗಾಗಿ ಆಹಾರ ವರ್ಷಗಟ್ಟಲೆ ಇಡಬೇಕು. ಇಟ್ಟ ಆಹಾರದಲ್ಲಿ ವಿಟಮಿನ್ ಸಿ ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಇದನ್ನು ಕೇಳಿ ಅಕ್ಕ ಎದ್ದು ಕೂತಳು. "ವಿಟಮಿನ್ ಸಿ ಕಮ್ಮಿಯಾದರೆ ಬರೋದು ಸ್ಕರ್ವಿ ತಾನೇ? ಅದೂ ಒಂದು ಹಡಗೇ ಅಲ್ವಾ?" ಅಂದಳು. ಲಿಂಡ್‌ನ 12 ನಾವಿಕರು ಹೀಗೆ ಮಂಗಳದ ದಾರಿಯಲ್ಲಿ ಸಿಗುತ್ತಾರೆ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ. ತಿಳಿದವರಿಗೆ ಇದು ಮೊದಲೇ ಗೊತ್ತಿರುತ್ತದೆ. ಆದರೆ ಅವತ್ತು ಸಂಜೆ ಆ ಎರಡು ತುದಿ ಸೇರಿಸಿದ್ದು ನನ್ನ ಅಕ್ಕ. ಅವಳ ಮುಖದಲ್ಲಿದ್ದ ಖುಷಿಯನ್ನು ನಾನು ಮರೆಯುವುದಿಲ್ಲ.

ಈಗ ಕ್ಯಾಮೆರಾ ಮುಂದೆ ಇರುವ ಈ ಕಾಗದದ ಬಗ್ಗೆ ಹೇಳಬೇಕು. ಸ್ಟೀವನ್ ಆಸ್ಟಡ್, ಜೇ ಓಲ್ಶಾನ್ಸ್ಕಿ ಇಬ್ಬರೂ ವೃದ್ಧಾಪ್ಯದ ಬಗ್ಗೆ ಅಧ್ಯಯನ ಮಾಡುವವರು, ಸ್ನೇಹಿತರು. ಸುಮಾರು 2000ದಲ್ಲಿ ಅವರು ಒಂದು ಬಾಜಿ ಕಟ್ಟಿದರು. ಆಗಲೇ ಹುಟ್ಟಿರುವ ಯಾರಾದರೂ 2150ರ ಹೊತ್ತಿಗೆ 150 ವರ್ಷ ಮುಟ್ಟುತ್ತಾರೆ ಅಂತ ಆಸ್ಟಡ್. ಸಾಧ್ಯವಿಲ್ಲ ಅಂತ ಓಲ್ಶಾನ್ಸ್ಕಿ. ಸುಮ್ನೆ ಉಸಿರಾಡುತ್ತಿದ್ದರೆ ಸಾಲದು, ಬುದ್ಧಿ ನೆಟ್ಟಗಿರಬೇಕು ಅನ್ನುವ ಷರತ್ತೂ ಇದೆ. ಇಬ್ಬರೂ 150 ಡಾಲರ್ ಹಾಕಿದರು. 2016ರಲ್ಲಿ ಅದನ್ನು ಎರಡರಷ್ಟು ಮಾಡಿದರು. ಗೆದ್ದವರ ವಂಶದವರಿಗೆ ಹಣ.

ಭಾವ, ಗೆಳೆಯ ಇಬ್ಬರೂ ಈಗ ಈ ಕಾಗದದಲ್ಲಿ ತಮ್ಮದೇ ಬಾಜಿ ಬರೆಯುತ್ತಿದ್ದಾರೆ. 2050ರೊಳಗೆ ಮನುಷ್ಯ ಮಂಗಳಕ್ಕೆ ಹೋಗುತ್ತಾನಾ? ಮೂರು ವಾರದಿಂದ 'ಹೋಗುವುದು' ಅಂದರೆ ಏನು ಅನ್ನುವುದರ ಮೇಲೇ ಮಾತು ನಡೆದಿದೆ. ಇಳಿದರೆ ಸಾಕಾ? ಜೀವಂತ ವಾಪಸ್ ಬರಬೇಕಾ? ಬಂದಮೇಲೆ ಎಷ್ಟು ದಿನ ಬದುಕಬೇಕು? ನನ್ನ ಪ್ರಕಾರ ನಾವು ಇಷ್ಟು ವರ್ಷ ಆಡಿದ ವಾದಗಳಲ್ಲಿ ಇದೇ ಒಳ್ಳೆಯದು. ಯಾರೂ ಧ್ವನಿ ಏರಿಸಿಲ್ಲ, ಇಬ್ಬರೂ ಒಂದೇ ಕಾಗದದ ಮೇಲೆ ಬಗ್ಗಿದ್ದಾರೆ.

ಮೊದಲ ಷರತ್ತು ಬರೆದಾಗಿದೆ. ಎರಡನೆಯದನ್ನು ಎರಡು ಸಲ ಹೊಡೆದುಹಾಕಿದ್ದಾರೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳುತ್ತಿದೆ, ಅಕ್ಕ ಭಾವ ಬಂದರು ಅನಿಸುತ್ತದೆ. ಪೆನ್ನು ಹುಡುಕಬೇಕು.