ಒಂದು ಚೌಕ ತಡವಾಗಿ ಬಂದ ಬಾಖ್

ಸ್ವರ ಜೋಡಿಸುವ ಜಾಲತಾಣ ಆನ್‌ಲೈನ್ ಸೀಕ್ವೆನ್ಸರ್‌ನಲ್ಲಿ ಪಾಶ್ಚಾತ್ಯ ಸಂಗೀತದ ಬಾಖ್, ಬೀಥೋವನ್ ಅವರನ್ನು ಹುಡುಕಲು ಹೊರಟವರಿಗೆ ನನ್ನದೊಂದೇ ಮಾತು: ಅಚ್ಚುಕಟ್ಟಾಗಿರುವುದನ್ನು ಬಿಡಿ, ಎಲ್ಲೋ ಎಡವಿರುವುದನ್ನು ತೆರೆಯಿರಿ. ಬುದ್ಧಿ ನೆಟ್ಟಗಿರುವವರು ಕೊಡುವ ಸಲಹೆಯಲ್ಲ ಇದು ಎನ್ನುತ್ತೀರಾ? ಸ್ವಲ್ಪ ತಾಳಿ.

ಇದನ್ನು ಕಾಣದವರಿಗೆ ಎರಡು ಮಾತು. ಬ್ರೌಸರ್ ತೆರೆದರೆ ಲೆಕ್ಕದ ನೋಟ್‌ಬುಕ್ಕಿನಂಥ ಚೌಕಳಿ ಹಾಳೆ ಬರುತ್ತದೆ. ಎಡಗಡೆ ಪಿಯಾನೋದ ಕರಿ-ಬಿಳಿ ಪಟ್ಟಿಗಳು ಒಂದರ ಮೇಲೊಂದು ನಿಂತಿರುತ್ತವೆ. ಯಾವುದಾದರೂ ಚೌಕದ ಮೇಲೆ ಒತ್ತಿದರೆ ಅಲ್ಲೊಂದು ಸ್ವರ ಕೂರುತ್ತದೆ. ವಾದ್ಯ ಬದಲಾದರೆ ಬಣ್ಣ ಬದಲಾಗುತ್ತದೆ. ದೂರದಿಂದ ನೋಡಿದರೆ ನಮ್ಮ ಕಡೆಯ ಅಜ್ಜಿಯರು ಹೊಲಿಯುವ ಕೌದಿಯೇ ಸರಿ. ಒಬ್ಬರು ಮಾಡಿಟ್ಟದ್ದನ್ನು ಇನ್ನೊಬ್ಬರು ತೆರೆದು, ತಿದ್ದಿ, ಬೇರೆಯಾಗಿ ಉಳಿಸಿಕೊಳ್ಳಬಹುದು. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂದು ಬರೆದಿಟ್ಟ ಸಿದ್ಧ ಮಿಡಿ ಕಡತವನ್ನು ತಂದು ಸುರಿಯುವ ಸೌಲಭ್ಯವೂ ಇದೆ. ಮಿಡಿ ಬಂದದ್ದು 1983ರಲ್ಲಿ, ಅಂದಿನಿಂದ ಜಗತ್ತು ಇಂಥ ಕಡತಗಳನ್ನು ರಾಶಿ ಹಾಕಿದೆ. ಹೀಗಾಗಿ ಹುಡುಕಿದಾಗ ಕೈಯಿಂದ ಕೂರಿಸಿದ್ದು, ಸುರಿದದ್ದು ಎರಡೂ ಒಟ್ಟಿಗೇ ಎದುರಾಗುತ್ತವೆ.

ಹೆಸರಿನಿಂದ ಹುಡುಕಿದರೆ ಇನ್ನೊಂದು ಗೋಜಲು. ಬೀಥೋವನ್‌ನ ಪಿಯಾನೋ ಕೃತಿಯೊಂದಕ್ಕಿರುವ ‘ಮೂನ್‌ಲೈಟ್’ ಎಂಬುದು ಆತ ಇಟ್ಟ ಹೆಸರೇ ಅಲ್ಲ. ಆತ 1827ರಲ್ಲಿ ತೀರಿಕೊಂಡ ಮೇಲೆ ಅಂಟಿಕೊಂಡದ್ದು. ಆ ಹೆಸರು ಹಾಕಿದರೆ ನಿಧಾನದ ಮೊದಲ ಭಾಗ, ಬಿರುಗಾಳಿಯಂಥ ಮೂರನೆಯ ಭಾಗ, ಡೋಲು ಸೇರಿಸಿ ಹಾಳು ಮಾಡಿದ್ದು, ಎಲ್ಲವೂ ಸಾಲಾಗಿ ಬರುತ್ತವೆ. ಕೃತಿಯ ಸಂಖ್ಯೆ ಹಾಕಿ. ಬಾಖ್ ಆದರೆ ಬಿಡಬ್ಲ್ಯೂವಿ ಸಂಖ್ಯೆ, ಮೊಜಾರ್ಟ್ ಆದರೆ ಕೆ. ಸಂಖ್ಯೆ, ಎರಡೂ ಅವರವರ ಕೃತಿಪಟ್ಟಿಯ ಕ್ರಮಸಂಖ್ಯೆಗಳು. ಆಮೇಲೆ ಬಂದವುಗಳಲ್ಲಿ ಆರಿಸಿ. ಪಿಯಾನೋ ನುಡಿಸುತ್ತಾ ದಾಖಲಿಸಿ ಸುರಿದದ್ದರಲ್ಲಿ ಸ್ವರದ ತುಂಡುಗಳು ಚೌಕದ ಗೆರೆಗೆ ಸರಿಯಾಗಿ ಕೂರದೆ ಕೂದಲೆಳೆಯಷ್ಟು ಆಚೀಚೆ ಇರುತ್ತವೆ. ಕೈಯಿಂದ ಹಾಕಿದ್ದು ಗೆರೆಗೆ ಗೆರೆ ಸೇರಿರುತ್ತದೆ, ಒಂದೆರಡು ಸ್ವರ ಪಕ್ಕದ ಮನೆಗೆ ಹೋಗಿರುತ್ತವೆ, ಮತ್ತು ಬಹಳ ಸಲ ಅರ್ಧಕ್ಕೇ ನಿಂತಿರುತ್ತದೆ. ಪಾಪ, ಮಾಡುವವನಿಗೆ ಸಾಕಾಗಿರುತ್ತದೆ.

ನನಗೆ ಸಿಕ್ಕ ಅಂಥದ್ದೊಂದು, ಬಾಖ್‌ನ ಮೊದಲನೆಯ ಇನ್ವೆನ್ಶನ್ ಎಂಬ ಪುಟ್ಟ ಕೃತಿ, ಬಿಡಬ್ಲ್ಯೂವಿ 772. ಒಟ್ಟು 22 ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ), ಎರಡೇ ಧಾರೆ: ಬಲಗೈಯದೊಂದು, ಎಡಗೈಯದೊಂದು. ಮಾಡಿದವರು ಎರಡಕ್ಕೂ ಬೇರೆ ಬೇರೆ ಬಣ್ಣ ಕೊಟ್ಟಿದ್ದರು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, ಕೂಲರ್ ತಂಬೂರಿಯಂತೆ ಗುಂಯ್ ಎನ್ನುತ್ತಿತ್ತು. ಸೋಮವಾರದ ಭಜನೆಗೆ ಹಾರ್ಮೋನಿಯಂ ನುಡಿಸುವ ನಮ್ಮ ಕಾಕಾ ಪಕ್ಕದಲ್ಲಿ ಅಡ್ಡಾಗಿದ್ದರು. ಎರಡು ಸಾಲು ಕೇಳಿದವರೇ ಎದ್ದು ಕುಳಿತರು.

“ತಮ್ಮಾ, ಇದು ಪಲ್ಟಾ ಅಲ್ಲವೇನೋ?”

ಹೌದು, ಪಲ್ಟಾ, ಸಂಗೀತ ಕಲಿಯುವವರು ಸಾಧಕಕ್ಕೆ ತಿರುಗಿಸಿ ತಿರುಗಿಸಿ ಹಾಡುವ ಸ್ವರಗಳ ಜೋಡಣೆ. ಸ ರಿ ಗ ಮ ರಿ ಗ ಸ ಪ. ಬಲಗೈ ಅಷ್ಟು ಹೇಳಿ ಮುಂದೆ ಸಾಗುತ್ತಿದ್ದಂತೆ, ಅರ್ಧ ಬಾರ್ ಬಿಟ್ಟು ಎಡಗೈ ಒಂದು ಸಪ್ತಕ ಕೆಳಗೆ ಅದನ್ನೇ ಹೇಳುತ್ತದೆ. ಎರಡನೆಯ ಬಾರಿನಲ್ಲಿ ಅದೇ ಮಾತು ಪಂಚಮದಿಂದ: ಪ ಧ ನಿ ಸ ಧ ನಿ ಪ ರಿ. ಮೂರನೆಯದರಲ್ಲಿ ಪಲ್ಟಾ ತಲೆಕೆಳಗಾಗಿ ಇಳಿಯುತ್ತದೆ. ಇಷ್ಟನ್ನೂ ಪರದೆಯ ಮೇಲೆ ಕಣ್ಣಿನಿಂದಲೇ ಓದಬಹುದು, ಮೆಟ್ಟಿಲಿನ ಕೆಳಗೆ ಇನ್ನೊಂದು ಬಣ್ಣದ ಅದೇ ಮೆಟ್ಟಿಲು. ಬಾಖ್ ಇದನ್ನು 1723ರಲ್ಲಿ ಅಂದವಾಗಿ ಪ್ರತಿ ಮಾಡಿದ್ದು ಕಲಿಯುವವರಿಗಾಗಿಯೇ.

ಕಾಕಾ ಪೆಟ್ಟಿಗೆ ತೆರೆದರು. ಹಾರ್ಮೋನಿಯಂನಲ್ಲಿ ಎಡಗೈ ಗಾಳಿ ಹಾಕಲು ಮೀಸಲು, ಎರಡು ಧಾರೆಯ ಬಾಖ್‌ಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ನಾನು ಪರದೆಯ ಮೇಲಿನ ಬಲಗೈಯ ಬಣ್ಣವನ್ನಷ್ಟೇ ಅಳಿಸಿ, ವೇಗ ಇಳಿಸಿ, ಎಡಗೈಯನ್ನು ಕಂಪ್ಯೂಟರಿಗೆ ಬಿಟ್ಟೆ. ಬಿಳಿ ಒಂದರ (ಪಿಯಾನೋದವರ ‘ಸಿ’) ಷಡ್ಜ ಹಿಡಿದು ಕಾಕಾ ಶುರು ಮಾಡಿದರು. ಪೆಟ್ಟಿಗೆಯ ಶ್ರುತಿ ಕೊಂಚ ಇಳಿದಿತ್ತು. ಎರಡೂ ಸೇರಿದಲ್ಲಿ ಸ್ವರ ನಡುಗುತ್ತಿತ್ತು. ಆದರೂ ನಡೆಯಿತು. ನಾಲ್ಕನೆಯ ಸಲ ನುಡಿಸುವಾಗ ಕಾಕಾ ಕೈ ಎತ್ತಿದರು. “ಕೆಳಗಿನವನು ತಡವಾಗಿ ಬರುತ್ತಾನೆ, ನೋಡು.” ನೋಡಿದೆ. ನಿಜ, ಎಡಗೈಯ ಇಡೀ ಮೊದಲ ಸಾಲು ಒಂದು ಚೌಕ ಹಿಂದೆ ಬಿದ್ದಿತ್ತು. ಎಷ್ಟೋ ಸಲ ಕೇಳಿದ್ದ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ.

ಸುರಿದ ಕಡತದಲ್ಲಿ ಇದು ಆಗುತ್ತಿರಲಿಲ್ಲ. ಎಲ್ಲವೂ ಸರಿ ಇರುತ್ತಿತ್ತು, ಕಾಕಾ ಮತ್ತೆ ಅಡ್ಡಾಗುತ್ತಿದ್ದರು.

ಜೀವವಿಲ್ಲದ ಯಂತ್ರಕ್ಕೆ ಸಂಗೀತವೇನು ಗೊತ್ತು ಎಂದು ಮೂಗು ಮುರಿಯುವವರಿಗೆ ಒಂದು ನೆನಪು. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ, ಸ್ವರ ಬಿಗಿದು ನಿಲ್ಲುತ್ತದೆ ಎಂಬ ದೂರಿಗೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆ ವರ್ಷಗಳಲ್ಲಿ ಶರಣಬಸವೇಶ್ವರ ಗುಡಿಯ ಭಜನೆಯಾಗಲಿ, ಬಂದೇನವಾಜ್ ದರ್ಗಾದ ಕವ್ವಾಲಿಯಾಗಲಿ ಹಾರ್ಮೋನಿಯಂ ಅನ್ನು ಕೈಬಿಡಲಿಲ್ಲ. ಹಾಗೆಂದು ದೂರು ಸುಳ್ಳಲ್ಲ. ದರ್ಬಾರಿ ರಾಗದ ಗಂಧಾರವನ್ನು ಚೌಕದಲ್ಲಿ ಕೂರಿಸಲು ನಾನೇ ಒಂದು ಸಂಜೆಯೆಲ್ಲ ಒದ್ದಾಡಿದ್ದೇನೆ. ತೂಗಿ ತೂಗಿ ನಿಲ್ಲಬೇಕಾದ ಸ್ವರ ಶಾಲೆಯ ಗಂಟೆಯಂತೆ ಬಡಿಯಿತು. ಪಿಯಾನೋ ಕೃತಿಗಳ ಶೋಪಾಂ ಕೂಡ ಇಲ್ಲಿ ಸೊರಗುತ್ತಾನೆ, ಅವನ ಲಯ ಹಿಗ್ಗಬೇಕು, ಕುಗ್ಗಬೇಕು. ಬಾಖ್ ಮಾತ್ರ ಈ ಕೌದಿಯ ಮೇಲೆ ತನ್ನದೇ ಮನೆಯಂತೆ ಕಾಲು ಚಾಚಿ ಕೂರುತ್ತಾನೆ.

ಆ ಚೌಕವನ್ನು ನಾನು ಸರಿಪಡಿಸಿ ನನ್ನ ಪ್ರತಿಯಾಗಿ ಉಳಿಸಿದೆ. ಅಳಿಸಿದ್ದ ಬಲಗೈಯನ್ನೂ ಕಾಕಾ ಹೇಳಿದಂತೆ ಒಂದೊಂದೇ ಸ್ವರ ಒತ್ತಿ ತುಂಬಿದೆ. ಹುಡುಕಿದರೆ ನಿಮಗೂ ಸಿಗಬಹುದು. ಹನ್ನೊಂದನೆಯ ಬಾರಿನಲ್ಲಿ ಒಂದು ಸ್ವರ ತಪ್ಪಿದೆ. ಅದು ಕಾಕಾ ಹೇಳಿದ್ದಲ್ಲ, ನಾನು ಒತ್ತಿದ್ದು.