ಹೊಂಟೀನಿ ಅಂದ್ರ ಹೊಂಟೀನಿ

ಎಲ್ಲರಿಗೂ ಶರಣು ಶರಣಾರ್ಥಿ. ಇವತ್ತ ನಾ ಹೇಳ್ಲತ್ತಿದ್ದು ಒಬ್ಬ ರ‍್ಯಾಪ್ ಹಾಡೋ ಹುಡುಗನ ವಿಷಯ, ಹಿರಿಯರು ರೇಡಿಯೋ ಬಂದ್ ಮಾಡಬ್ಯಾಡ್ರಿ, ನಮ್ಮ ಕಡಿ ಮೊಹರಂದಾಗ ಎರಡು ಮೇಳದವ್ರು ಎದುರಾಬದುರಾ ನಿಂತು ರಿವಾಯತ್ ಪದ ಹಾಡ್ತಾರಲ್ರಿ, ಸವಾಲ್ ಹಾಕ್ತಾರ, ಜವಾಬ್ ಕೊಡ್ತಾರ, ಅದನ್ನ ಕೇಳ್ದವ್ರಿಗಿ ರ‍್ಯಾಪ್ ಹೊಸದೇನ್ ಅಲ್ಲ.

ಹುಡುಗನ ಹೆಸರು ಮಾಂಟೆರೋ ಹಿಲ್, ಜಗತ್ತಿಗಿ ಗೊತ್ತಿರೂದು ಲಿಲ್ ನ್ಯಾಸ್ ಎಕ್ಸ್ ಅಂತ. 1999ರಾಗ ಅಮೆರಿಕದ ಜಾರ್ಜಿಯಾದಾಗ ಹುಟ್ಟಿದಾಂವ, ಕಾಲೇಜ್ ಅರ್ಧಕ್ಕ ಬಿಟ್ಟು ಅಕ್ಕನ ಮನ್ಯಾಗ ಇದ್ದ, ದಿನಾ ಟ್ವಿಟರ್‌ದಾಗ ಕುಂತು ಮೀಮ್ ಅಂತ ನಗಿ ಚಿತ್ರ ಹಾಕೋನು, ಜನ ಯಾವುದಕ್ಕ ನಗ್ತಾರ ಯಾವುದನ್ನ ಮುಂದ ಕಳಸ್ತಾರ ಅನ್ನೂದು ಅವನಿಗಿ ಅಲ್ಲೇ ಗೊತ್ತಾಯ್ತು. ನೆದರ್ಲ್ಯಾಂಡ್ಸ್‌ದ ತನ್ನ ವಾರಿಗಿ ಹುಡುಗನ ಕಡಿಂದ 30 ಡಾಲರ್‌ಗಿ ಒಂದು ಬೀಟ್, ಅಂದ್ರ ಹಾಡಿನ ಹಿಂದ ನುಡಿಸೋ ಸಂಗೀತ, ತಗೊಂಡು 2018ರ ಡಿಸೆಂಬರ್‌ದಾಗ ಓಲ್ಡ್ ಟೌನ್ ರೋಡ್ ಅಂತ ಹಾಡು ಬಿಟ್ಟ, ಎರಡು ನಿಮಿಷಾನೂ ಇಲ್ಲ. ತಾನೇ ಮೀಮ್ ಮಾಡಿ ಮಾಡಿ ಹಬ್ಬಿಸ್ದ, ಆಮ್ಯಾಲ ಟಿಕ್‌ಟಾಕ್‌ದಾಗ ಹುಡುಗ್ರು ಕೌಬಾಯ್ ಟೋಪಿ ಹಾಕ್ಕೊಂಡು ಅದಕ್ಕ ಕುಣಿಲಿಕ್ಕ ಹತ್ತಿದ್ರು.

ಅಮೆರಿಕದಾಗ ಕಂಟ್ರಿ ಅಂತ ಹಳ್ಳಿ ಕಡಿ ಹಾಡಿನ ಪಟ್ಟಿನೇ ಬ್ಯಾರೆ ಅದ, ಬಿಲ್‌ಬೋರ್ಡ್ ಅನ್ನೋ ಪತ್ರಿಕಿ ಅದನ್ನ ಮಾಡ್ತದ. 2019ರ ಮಾರ್ಚ್‌ದಾಗ ಬಿಲ್‌ಬೋರ್ಡ್‌ನವ್ರು ಇದು ಕಂಟ್ರಿ ಅಲ್ಲ ಅಂತ ಆ ಪಟ್ಟಿಂದ ಹಾಡು ತೆಗೆದ್ರು. ಹಾಡಿದಾಂವ ಕರಿಯ ಹುಡುಗ ಅಂತ ತೆಗೆದ್ರೇನು ಅಂತ ಭಾಳ ಮಂದಿ ಕೇಳಿದ್ರು. ಆಗ ಹಳೇ ಕಂಟ್ರಿ ಹಾಡುಗಾರ ಬಿಲ್ಲಿ ರೇ ಸೈರಸ್ ಬಂದು ಜೋಡಿ ಹಾಡಿದ, ಹಾಡು ಎಲ್ಲಾ ನಮೂನಿ ಹಾಡು ಸೇರೋ ದೊಡ್ಡ ಪಟ್ಟಿದಾಗ 19 ವಾರ ಒಂದನೇ ನಂಬರ್‌ದಾಗ ನಿಂತ್ತು, ಅದರಕಿಂತ ಮೊದಲಿನ ದಾಖಲೆ 16 ವಾರ. 2020ರಾಗ ಸಂಗೀತದ ದೊಡ್ಡ ಪ್ರಶಸ್ತಿ ಗ್ರ್ಯಾಮಿ ಎರಡು ಬಂದ್ವು.

ಇದನ್ನ ಯಾಕ ಹೇಳ್ಲತ್ತೀನಂದ್ರ, ನಮ್ಮ ಅಣ್ಣನ ಮಗ ಇಲ್ಲೇ ಕಲಬುರಗಿದಾಗ ರ‍್ಯಾಪ್ ಬರೀತಾನ, ರೀಲ್ಸ್ ಹಾಕ್ತಾನ. ಮನಿ ಪೂರಾ ಶಹಾಬಾದ್ ಪರಸಿ, ದನಿ ಗುಂಯ್ ಅಂತದ, ಅದಕ್ಕ ನಮ್ಮವ್ವ ಹೊಲಿದ ಕೌದಿ ಎರಡು ಗ್ವಾಡಿಗಿ ಕಟ್ಟಿ, ಮೊಬೈಲ್‌ದಾಗ ಸಪ್ಪಳ ಬರ್ತದಂತ ಫ್ಯಾನ್ ಬಂದ್ ಮಾಡಿ, ಮೇ ತಿಂಗಳ ಬಿಸಿಲಾಗ ಬೆವರು ಸುರಸ್ಕೋತ ರೆಕಾರ್ಡ್ ಮಾಡ್ತಾನ. ಮೊದಲೊಮ್ಮೆ ಯೂಟ್ಯೂಬ್‌ದಾಗ ಫ್ರೀ ಅಂತಿದ್ದ ಬೀಟ್ ತಗೊಂಡು ಹಾಕಿದ್ದ, ವಿಡಿಯೋದ ದನಿನೇ ಬಂದ್ ಆಯ್ತು. ತಮ್ಮಗೋಳ್ರಾ, ಬೀಟ್ ಬಳಸ್ಲಿಕ್ಕ ಒಪ್ಪಿಗಿ ಕಾಗದ ಮಾಡಿಸ್ಕೋರಿ, ಆ 30 ಡಾಲರ್ ಬೀಟಿನ ಒಳಗೂ ಮತ್ತೊಂದು ಬ್ಯಾಂಡ್‌ನ ಸಂಗೀತದ ತುಣುಕು ಇತ್ತು, ಅವರ ಹೆಸರೂ ಹಾಡಿಗಿ ಸೇರಸ್ಬೇಕಾಯ್ತು.

ನಮ್ಮ ಹುಡುಗ ಒಂದು ಹಾಡಿನ ಸ್ಪರ್ಧೆಕ್ಕ ವಿಡಿಯೋ ಕಳ್ಸಿದ್ದ. ಅಲ್ಲಿಂದ ಫೋನ್ ಬಂತು, ವಾಯ್ಸ್ ಚೆನ್ನಾಗಿದೆ, ಈ ಭಾಷೆ ಸ್ವಲ್ಪ ಸರಿ ಮಾಡ್ಕೊಂಡು ಬನ್ನಿ ಅಂದ್ರು. ಹುಡುಗ ಎರಡು ದಿನ ಸರಿ ಊಟ ಮಾಡಲಿಲ್ಲ. ಕುಂತು ತಿದ್ದಿದ, ಹೊಂಟೀನಿ ಇದ್ದಲ್ಲಿ ಹೊರಟಿದ್ದೀನಿ ಅಂತ ಬರದ, ಹಾಡಿದ್ರ ತಾಳ ತಪ್ತು. ಹೊಂ-ಟೀ-ನಿ ಮೂರು ಪೆಟ್ಟು, ಹೊರಟಿದ್ದೀನಿ ಐದು, ಉಸರು ಹಿಡಿಲಿಕ್ಕ ಜಾಗಾನೇ ಇಲ್ಲ. ನನಗ ಭಾಳ ಸಂಕಟ ಆಯ್ತು. ನಮ್ಮ ಕಡಿ ಸಂತ ಕಡಕೋಳ ಮಡಿವಾಳಪ್ಪನವ್ರ ತತ್ವಪದ ಇವತ್ತಿಗೂ ಭಜನಿದಾಗ ರಾತ್ರಿ ಪೂರಾ ಹಾಡ್ತೀವಿ, ಈ ಮಣ್ಣಿನ ಮಾತೇ ಅದು, ಅದನ್ನ ಸರಿ ಮಾಡ್ಕೊಂಡು ಬಾ ಅನ್ನಾಕ ಯಾರಿಗಿ ಹಕ್ಕದ ಹೇಳ್ರಿ?

ಆ ಅಮೆರಿಕದ ಹುಡುಗನ ಕಥಿ ಅವತ್ತ ರಾತ್ರಿ ಅವನಿಗಿ ಹೇಳ್ದೆ. ಸುಮ್ಮ ಕೇಳ್ದ, ಏನೂ ಅನ್ನಲಿಲ್ಲ.

ಮೊನ್ನಿ ಐತವಾರ ಮತ್ತ ಕೌದಿ ಕಟ್ಟಿದ. ಯಾರೂ ಗೇಟ್ ಸಪ್ಪಳ ಮಾಡಬಾರದಂತ ನಾ ಹೊರಗ ಕಟ್ಟಿ ಮ್ಯಾಲ ಕಾಯ್ಕೋತ ಕುಂತಿದ್ದೆ. ಒಳಗಿಂದ ಹೊಂಟೀನಿ ಅಂತ ಕೇಳ್ತು, ತಾಳಕ್ಕ ಬರೋಬ್ಬರಿ ಕುಂತಿತ್ತು. ನಮಸ್ಕಾರ.