ಒತ್ತಕ್ಷರಕ್ಕೊಂದಿಷ್ಟು ಜಾಗ: ಕನ್ನಡ ವಾರ್ತಾಪತ್ರದ ಪುಟ ಕಟ್ಟುವ ಬಗೆ

ವೇದಿಕೆಯ ಮೇಲಿರುವ ಹಿರಿಯರಿಗೂ, ವಾಚನಾಲಯ, ಸಹಕಾರ ಸಂಘ, ಶಾಲೆ, ಹಳೆ ವಿದ್ಯಾರ್ಥಿ ಸಂಘಗಳಿಂದ ಬಂದಿರುವ ನಿಮ್ಮೆಲ್ಲರಿಗೂ ನಮಸ್ಕಾರ.

ಇಲ್ಲಿರುವ ಬಹುತೇಕರು ತಮ್ಮ ಸಂಸ್ಥೆಯ ವಾರ್ತಾಪತ್ರವನ್ನು ತಾವೇ ಹೊರತರುವವರು, ಇಲ್ಲವೇ ಆ ಹೊಣೆಯನ್ನು ಹೊಸದಾಗಿ ಹೊತ್ತವರು. ಒಳಗೆ ಬರುವಾಗಲೇ ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಯಾವ ತಂತ್ರಾಂಶ ಒಳ್ಳೆಯದು? ಅದಕ್ಕೆ ಉತ್ತರ ಹೇಳುತ್ತೇನೆ. ಆದರೆ ನಾನು ಇಷ್ಟು ವರ್ಷ ನೋಡಿದ ಹಾಳಾದ ಪುಟಗಳಲ್ಲಿ ತಂತ್ರಾಂಶದ ಆಯ್ಕೆಯಿಂದ ಹಾಳಾದವು ಕಡಿಮೆ. ಇಂಗ್ಲಿಷ್ ಅಕ್ಷರಕ್ಕೆಂದು ಮೊದಲೇ ಹೊಂದಿಸಿಟ್ಟ ಅಳತೆಗಳನ್ನು ಬದಲಿಸದೆ ಹಾಗೆಯೇ ಒಪ್ಪಿಕೊಂಡದ್ದರಿಂದ ಹಾಳಾದವೇ ಹೆಚ್ಚು.

ಆ ಅಳತೆಗಳ ಮೂಲವನ್ನು ಸ್ವಲ್ಪ ನೋಡೋಣ. 1985ರಲ್ಲಿ ಆಪಲ್ ಕಂಪನಿಯ ಲೇಸರ್‌ರೈಟರ್ ಮುದ್ರಕ, ಪುಟದ ವಿವರವನ್ನು ಮುದ್ರಕಕ್ಕೆ ತಿಳಿಸುವ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಮತ್ತು ಆಲ್ಡಸ್ ಕಂಪನಿಯ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಒಂದೆಡೆ ಸೇರಿದಾಗ, ಮೇಜಿನ ಮುಂದೆ ಕುಳಿತ ಒಬ್ಬನೇ ಇಡೀ ಪುಟ ಕಟ್ಟುವ ಈ ಪದ್ಧತಿ ಹುಟ್ಟಿತು. ಡೆಸ್ಕ್‌ಟಾಪ್ ಪಬ್ಲಿಷಿಂಗ್ ಎಂಬ ಹೆಸರನ್ನು ಚಾಲ್ತಿಗೆ ತಂದ ಪಾಲ್ ಬ್ರೇನರ್ಡ್ ತಮ್ಮ ಕಂಪನಿಗೆ ಇಟ್ಟದ್ದು ವೆನಿಸ್ ನಗರದ ಹಳೆಯ ಮುದ್ರಕ ಆಲ್ಡಸ್ ಮನೂಟಿಯಸ್‌ನ ಹೆಸರನ್ನು. ಈ ಅಳತೆಗಳು ಹುಟ್ಟಿದ ಇಂಗ್ಲಿಷ್ ಲಿಪಿಯಲ್ಲಿ ಸಾಲಿನಿಂದ ಕೆಳಕ್ಕೆ ಇಳಿಯುವುದು ನಾಲ್ಕಾರು ಅಕ್ಷರಗಳ ಬಾಲ ಮಾತ್ರ. ನಮ್ಮ ಲಿಪಿಯಲ್ಲಿ ಒಂದು ಇಡೀ ಅಕ್ಷರವೇ ಇನ್ನೊಂದರ ಅಡಿಯಲ್ಲಿ ಹೋಗಿ ಕೂರುತ್ತದೆ. ‘ರಾಷ್ಟ್ರೀಯ’ ಎಂಬಲ್ಲಿ ಎರಡು ಕೂರುತ್ತವೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಅಚ್ಚಾದ ಪತ್ರಿಕೆ. ಕಲ್ಲಚ್ಚಿಗೆ ಕೈಯಲ್ಲಿ ಬರೆಯುವವನು ಒತ್ತಕ್ಷರ ಬಂದ ಕಡೆ ಯಾರೂ ಹೇಳದೆಯೇ ಜಾಗ ಬಿಡುತ್ತಾನೆ. ಗಣಕಯಂತ್ರದ ಬಳಿ ಮಾತ್ರ ಆ ಜಾಗವನ್ನು ನಾವು ಬಾಯಿಬಿಟ್ಟು ಕೇಳಬೇಕು. ಇಂದಿನ ನನ್ನ ಮಾತೆಲ್ಲ ಅದನ್ನು ಎಲ್ಲೆಲ್ಲಿ, ಹೇಗೆ ಕೇಳಬೇಕೆಂಬುದರ ಸುತ್ತಲೇ ಇರುತ್ತದೆ.

ಕೆಲಸದ ಆರಂಭ ಗಣಕಯಂತ್ರದಲ್ಲಿ ಅಲ್ಲ, ಕಾಗದದಲ್ಲಿ. ಎಂಟು ಪುಟದ ಒಂದು ತ್ರೈಮಾಸಿಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 297 ಗುಣಿಸು 420 ಮಿಲಿಮೀಟರಿನ ಎ3 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಎ4 ಪುಟಗಳಾಗುತ್ತವೆ. ಅಂಥ ಎರಡು ಹಾಳೆಗಳನ್ನು ಒಂದರೊಳಗೊಂದು ಇಟ್ಟರೆ ಎಂಟು. ಪುಟಗಳ ಸಂಖ್ಯೆ ನಾಲ್ಕರ ಗುಣಕವಾಗಿಯೇ ಇರಬೇಕಾದದ್ದು ಇದರಿಂದ. ಏಳು ಪುಟಕ್ಕೆ ಸಾಕಾಗುವಷ್ಟು ಬರಹವಿದ್ದರೆ ಒಂದು ಪುಟ ಬೆಳೆಸಬೇಕು, ಒಂಬತ್ತಕ್ಕೆ ಬಂದರೆ ಒಂದು ಪುಟ ಕಡಿಯಬೇಕು. ಎರಡು ಬಿಳಿ ಹಾಳೆ ಮಡಚಿ, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು, ಮತ್ತೆ ಬಿಡಿಸಿ ನೋಡಿ: ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ ಎಂಟು ಮತ್ತು ಒಂದು, ಇನ್ನೊಂದರಲ್ಲಿ ಎರಡು ಮತ್ತು ಏಳು, ಒಳಗಿನ ಹಾಳೆಯಲ್ಲಿ ಆರು ಮತ್ತು ಮೂರು, ನಾಲ್ಕು ಮತ್ತು ಐದು ಜೊತೆಯಾಗಿರುತ್ತವೆ. ಎದುರುಬದುರಿನ ಪುಟಗಳಲ್ಲಿ ಒಂದೇ ಹಾಳೆಯ ಮೇಲೆ ಅಚ್ಚಾಗುವುದು ನಾಲ್ಕು ಮತ್ತು ಐದು ಮಾತ್ರ. ವಾರ್ಷಿಕೋತ್ಸವದ ದೊಡ್ಡ ಗುಂಪು ಚಿತ್ರವನ್ನು ಎರಡು ಪುಟಕ್ಕೆ ಹರಡಬೇಕೆಂದಿದ್ದರೆ ಅದು ಬರಬೇಕಾದದ್ದು ಅಲ್ಲಿ; ಎರಡು–ಮೂರರಲ್ಲಿ ಹಾಕಿದರೆ ಎರಡು ಬೇರೆ ಹಾಳೆಗಳು ಕೂಡುವ ಕಡೆ ಅಧ್ಯಕ್ಷರ ಮುಖ ಎರಡು ಹೋಳಾಗಿ ಒಂದಿಷ್ಟು ಮೇಲೆ ಕೆಳಗೆ ಆಗುವುದು ಖಂಡಿತ. ಅಂಚೆಯಲ್ಲಿ ಕಳಿಸುವ ವಾರ್ತಾಪತ್ರವಾದರೆ ಕೊನೆಯ ಪುಟದ ಕೆಳಗಿನ ಅರ್ಧವನ್ನು ವಿಳಾಸಕ್ಕೂ ಅಂಚೆಚೀಟಿಗೂ ಈಗಲೇ ಬಿಟ್ಟುಬಿಡಿ.

ಮಡಚಿದ ಈ ಡಮ್ಮಿಯ ಮೇಲೆ ಯಾವ ಬರಹ ಎಲ್ಲಿ ಎಂದು ಗುರುತು ಹಾಕಿದ ಮೇಲೆ ಲೇಖಕರಿಗೆ ಅಳತೆ ಕೊಡಬಹುದು. ಎ4 ಪುಟದಲ್ಲಿ ಎಡಬಲಕ್ಕೆ ಹದಿನೈದು ಮಿಲಿಮೀಟರ್ ಅಂಚು, ನಡುವೆ ಆರು ಮಿಲಿಮೀಟರ್ ಸಂದು ಬಿಟ್ಟು ಎರಡು ಕಾಲಂ ಮಾಡಿದರೆ ಒಂದೊಂದು ಕಾಲಂ 87 ಮಿಲಿಮೀಟರ್ ಅಗಲ ಬರುತ್ತದೆ. ಅದರಲ್ಲಿ 11 ಪಾಯಿಂಟಿನ ಕನ್ನಡದ ಐದಾರು ಪದಗಳು ಹಿಡಿಸುತ್ತವೆ. ಶೀರ್ಷಿಕೆಗೂ ಒಂದು ಚಿತ್ರಕ್ಕೂ ಜಾಗ ಕಳೆದರೆ ಪುಟಕ್ಕೆ ಮುನ್ನೂರೈವತ್ತು ಪದಗಳ ಆಸುಪಾಸು ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಈ ಸಂಖ್ಯೆಯನ್ನು ಮೊದಲೇ ಹೇಳಿದರೆ, ಸಾವಿರದಿನ್ನೂರು ಪದಗಳ ವರದಿ ಬರೆದು ತಂದ ಕಾರ್ಯದರ್ಶಿಗಳ ಎದುರು ಕತ್ತರಿ ಹಿಡಿದು ಕೂರುವ ಮುಜುಗರ ತಪ್ಪುತ್ತದೆ.

ತಂತ್ರಾಂಶದೊಡನೆ ಬರುವ ಸಿದ್ಧ ಮಾದರಿಗಳು ಸಾಮಾನ್ಯವಾಗಿ ಮೂರು ಕಾಲಂನವು, ನೋಡಲು ಚೆಂದವಾಗಿರುತ್ತವೆ. ಕನ್ನಡಕ್ಕೆ ಅವು ಒಗ್ಗುವುದಿಲ್ಲ. ವಿಭಕ್ತಿ, ಕಾಲ, ಅವಧಾರಣೆಯ ಪ್ರತ್ಯಯಗಳೆಲ್ಲ ಮೂಲಪದಕ್ಕೆ ಅಂಟಿಕೊಂಡೇ ಬೆಳೆಯುವ ನಮ್ಮ ಭಾಷೆಯಲ್ಲಿ ‘ನಿರ್ವಹಿಸಬೇಕಾಗಿರುವುದರಿಂದ’ ಎಂಬುದು ಒಂದೇ ಪದ. ಮೂರು ಕಾಲಂ ಮಾಡಿದರೆ ಸಾಲಿಗೆ ಹಿಡಿಸುವುದು ಮೂರೋ ನಾಲ್ಕೋ ಪದ. ಎರಡೂ ಅಂಚು ಸಮ ಬರಲೆಂದು ತಂತ್ರಾಂಶ ಆ ಪದಗಳನ್ನು ಎಳೆದು ನಿಲ್ಲಿಸಿದಾಗ, ಉದುರಿದ ಹಲ್ಲುಗಳ ನಡುವಿನ ಸಂದಿನಂತೆ ಬಿಳಿ ಜಾಗ ಕಾಣುತ್ತದೆ. ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಬಹುದು, ಆದರೆ ಅಕ್ಷರ ಮುಗಿದಲ್ಲಿ ಮಾತ್ರ. ಒತ್ತನ್ನಾಗಲಿ ಸ್ವರಚಿಹ್ನೆಯನ್ನಾಗಲಿ ಮೂಲಾಕ್ಷರದಿಂದ ಅಗಲಿಸಿ ಮುಂದಿನ ಸಾಲಿಗೆ ತಳ್ಳಲಾಗದು. ನನ್ನ ಮಾತು ಕೇಳುವಿರಾದರೆ ಎರಡೇ ಕಾಲಂ ಇಡಿ, ಬಲ ಅಂಚನ್ನು ಸಮ ಮಾಡದೆ ಬಿಟ್ಟರೂ ತಪ್ಪೇನಿಲ್ಲ.

ಸಾಲುಗಳ ನಡುವಿನ ಅಂತರ ಇದಕ್ಕಿಂತ ದೊಡ್ಡ ವಿಷಯ. ಇನ್‌ಡಿಸೈನ್ ಎಂಬ ಪುಟ ಕಟ್ಟುವ ತಂತ್ರಾಂಶ ತಾನಾಗಿ ಕೊಡುವ ಅಂತರ ಅಕ್ಷರದ ಗಾತ್ರದ 120 ಪ್ರತಿಶತ, ಎಂದರೆ 11 ಪಾಯಿಂಟಿಗೆ 13.2. ಈ ಅಂತರದಲ್ಲಿ ಮೇಲಿನ ಸಾಲಿನ ‘ಸ್ತ್ರೀ’ಯ ಒತ್ತುಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತವೆ. 16 ಪಾಯಿಂಟ್ ಕೊಡಿ. ಫಾಂಟಿನ ಒತ್ತುಗಳು ಉದ್ದವಾಗಿದ್ದರೆ 17. ಕಾಲಂಗೆ ಎಂಟು ಹತ್ತು ಸಾಲು ಕಡಿಮೆಯಾಗುತ್ತದೆ ಎಂದು ಖಜಾಂಚಿಗಳು ಗೊಣಗಬಹುದು. ಗಾತ್ರ ಇಳಿಸಿ ಅಂತರ ಉಳಿಸಿಕೊಳ್ಳಿ, ಗಾತ್ರ ಉಳಿಸಲು ಅಂತರ ಕಡಿಯಬೇಡಿ. ಒಮ್ಮೆ ನಿಶ್ಚಯಿಸಿದ ಅಳತೆಗಳನ್ನು ಶೀರ್ಷಿಕೆ, ಉಪಶೀರ್ಷಿಕೆ, ಬರಹ, ಚಿತ್ರದ ಅಡಿಬರಹ ಎಂದು ಬೇರೆಬೇರೆ ಪ್ಯಾರಾಗ್ರಾಫ್ ಸ್ಟೈಲುಗಳಾಗಿ ಉಳಿಸಿಡಿ. ಪುಟಸಂಖ್ಯೆ, ಸಂಚಿಕೆಯ ತಿಂಗಳು, ಕಾಲಂ ಗೆರೆಗಳು, ಎಲ್ಲ ಪುಟಗಳಲ್ಲೂ ತಾನಾಗಿ ಮೂಡುವ ಮಾಸ್ಟರ್ ಪುಟದಲ್ಲಿರಲಿ. ಮುಂದಿನ ಸಂಚಿಕೆಗೆ ಅರ್ಧ ಕೆಲಸ ಆಗಿಯೇ ಇರುತ್ತದೆ.

ಇನ್ನು ತಂತ್ರಾಂಶದ ಪ್ರಶ್ನೆ. ನಾನು ಇನ್‌ಡಿಸೈನ್‌ನಲ್ಲಿ ಮಾಡಿದ ಮೊದಲ ಸಂಚಿಕೆಯಲ್ಲಿ ‘ಸ್ತ್ರೀಶಕ್ತಿ’ ಎಂಬ ಶೀರ್ಷಿಕೆ ‘ಸ್‌ತ್‌ರೀಶಕ್‌ತಿ’ ಎಂದು ಮೂಡಿತ್ತು. ಫಾಂಟೇ ಕೆಟ್ಟಿದೆಯೆಂದು ಎರಡು ದಿನ ಫಾಂಟ್ ಬದಲಿಸುತ್ತಲೇ ಕಳೆದೆ. ದೋಷವಿದ್ದದ್ದು ಸಾಲು ಜೋಡಿಸುವ ಕಂಪೋಸರ್‌ನ ಆಯ್ಕೆಯಲ್ಲಿ: ಸಾಮಾನ್ಯ ಪ್ಯಾರಾಗ್ರಾಫ್ ಕಂಪೋಸರ್ ಬದಲು ವರ್ಲ್ಡ್‌ರೆಡಿ ಕಂಪೋಸರ್ ಆರಿಸಿದರೆ ಮಾತ್ರ ಅದು ಒತ್ತುಗಳನ್ನು ಅವುಗಳ ಜಾಗಕ್ಕೆ ಇಳಿಸುತ್ತದೆ. ಇದನ್ನು ಸ್ಟೈಲಿನಲ್ಲೇ ಸೇರಿಸಿಟ್ಟರೆ ಮತ್ತೆ ಮರೆಯುವ ಭಯವಿಲ್ಲ. ಹಣ ಕೊಡಲಾಗದ ಸಂಸ್ಥೆಗಳಿಗೆ ಮುಕ್ತ ತಂತ್ರಾಂಶವಾದ ಸ್ಕ್ರೈಬಸ್ ಇದೆ, 1.4ರ ಸರಣಿಯಲ್ಲಿ ಕನ್ನಡ ಚೆದುರುತ್ತಿತ್ತು, 1.6ರಲ್ಲಿ ಸರಿಯಾಗಿ ಕೂರುತ್ತದೆ. 2001ರ ಪೇಜ್‌ಮೇಕರ್ 7 ಇಂದಿಗೂ ಕೆಲವು ಮುದ್ರಣಾಲಯಗಳಲ್ಲಿ ಉಸಿರಾಡುತ್ತಿದೆ, ಆದರೆ ಅದಕ್ಕೆ ಯುನಿಕೋಡ್ ಕನ್ನಡ, ಎಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಸಂಕೇತದಲ್ಲಿರುವ ಕನ್ನಡ, ತಿಳಿಯದು.

ಈ ಕಡೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮಗೆ ಬರುವ ಬರಹಗಳು ಒಂದೇ ಬಗೆಯವಾಗಿರುವುದಿಲ್ಲ. ನುಡಿ, ಬರಹ, ಶ್ರೀಲಿಪಿ ಮುಂತಾದ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಗೀಚು. ಅವನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದಾಗ ಎರಡು ಕಡೆ ಕಣ್ಣಿಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತಿತ್ತು, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹೀಗಾಗಿ ‘ಕಾರ್ಯದರ್ಶಿ’, ‘ವರ್ಷ’ದಂಥ ಪದಗಳು ಕೆಲವೊಮ್ಮೆ ಕದಡುತ್ತವೆ. ಎರಡನೆಯದಾಗಿ, ಬರಹದ ನಡುವೆ ಇದ್ದ ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ವಿಚಿತ್ರ ಪದಗಳನ್ನು ಹುಟ್ಟಿಸುತ್ತದೆ. ಫಾಂಟಿನ ವಿಷಯದಲ್ಲಿ ನಾನು ಬರಹಕ್ಕೆ ನೋಟೋ ಸೆರಿಫ್ ಕನ್ನಡವನ್ನೂ ಶೀರ್ಷಿಕೆಗೆ ಬಲೂ ತಮ್ಮ ಅಥವಾ ಅನೇಕ್ ಕನ್ನಡವನ್ನೂ ಬಳಸುತ್ತೇನೆ, ಮೂರೂ ಉಚಿತ. ಒಂದು ಸಂಚಿಕೆಗೆ ಎರಡು ಫಾಂಟ್ ಸಾಕು.

ಚಿತ್ರಗಳಿಗೆ ಇಂಚಿಗೆ 300 ಪಿಕ್ಸೆಲ್ ಬೇಕೆಂಬುದು ಆಫ್‌ಸೆಟ್‌ನವರ ವಾಡಿಕೆ. 87 ಮಿಲಿಮೀಟರಿನ ಕಾಲಂಗೆ ಸುಮಾರು 1,030 ಪಿಕ್ಸೆಲ್ ಅಗಲವಾದರೆ, ಎರಡೂ ಕಾಲಂ ತುಂಬುವ ಚಿತ್ರಕ್ಕೆ 2,130 ಆಸುಪಾಸು. ವಾಟ್ಸಾಪ್‌ನಲ್ಲಿ ಬಂದ ಚಿತ್ರ ದಾರಿಯಲ್ಲೇ ಕುಗ್ಗಿರುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಬಣ್ಣದ ಸಂಚಿಕೆಯಾದರೆ ಇನ್ನೊಂದು ಎಚ್ಚರ: ಬರಹದ ಕಪ್ಪು ಕೇವಲ ಕಪ್ಪು ಶಾಯಿಯದಾಗಿರಲಿ. ನಾಲ್ಕೂ ಶಾಯಿಗಳನ್ನು ಬೆರೆಸಿದ ಕಪ್ಪಿನಲ್ಲಿ ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಒತ್ತುಗಳ ಒಳಗಿನ ಬಿಳಿ ಮುಚ್ಚಿಹೋಗಿ, ತಾವತ್ತು ಯಾವುದು ನಾವತ್ತು ಯಾವುದು ತಿಳಿಯದಂತಾಗುತ್ತದೆ. ಇದೇ ಕಾರಣಕ್ಕೆ ಕಡುಬಣ್ಣದ ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರಗಳನ್ನು ನಾನು ಒಪ್ಪುವುದಿಲ್ಲ. ಅಂಚಿನವರೆಗೆ ಹೋಗುವ ಬಣ್ಣಕ್ಕೆ ಸುತ್ತಲೂ ಮೂರು ಮಿಲಿಮೀಟರ್ ಬ್ಲೀಡ್, ಎಂದರೆ ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಬಣ್ಣ, ಬಿಡಿ.

ಮುದ್ರಣಾಲಯಕ್ಕೆ ಫಾಂಟುಗಳು ಒಳಗೇ ಅಡಕವಾದ ಪಿಡಿಎಫ್ ಕೊಡಿ, ಪುಟಗಳನ್ನು ಒಂದರಿಂದ ಎಂಟರವರೆಗೆ ಕ್ರಮವಾಗಿಯೇ ಇಡಿ. ಜೋಡಿಸುವ ಕೆಲಸ ಅವರದು. ಕರಡನ್ನು ಪರದೆಯ ಮೇಲೆ ತಿದ್ದಿದ್ದು ಸಾಲದು. ಕಾಗದದ ಮೇಲೆ ನಿಜವಾದ ಗಾತ್ರದಲ್ಲಿ ತೆಗೆಸಿ, ಮಡಚಿ, ಬರಹ ಬರೆಯದ ಒಬ್ಬರ ಕೈಗೆ ಕೊಡಿ. ಒಮ್ಮೆ ಅರ್ಥಕ್ಕಾಗಿ ಓದಿದ ಮೇಲೆ ಇನ್ನೊಮ್ಮೆ ಸಾಲಿನ ಕೆಳಭಾಗವನ್ನು ಮಾತ್ರ ನೋಡುತ್ತಾ ಹೋಗುವ ಅಭ್ಯಾಸ ನನ್ನದು. ಚೆದುರಿದ ಒತ್ತುಗಳು, ಒಂದಕ್ಕೊಂದು ತಾಗಿದ ಸಾಲುಗಳು ಸಿಕ್ಕಿಬೀಳುವುದು ಆ ಎರಡನೆಯ ಸುತ್ತಿನಲ್ಲಿ. ಅಚ್ಚಾದ ಮೇಲೆ ಪಿಡಿಎಫ್ ಒಂದನ್ನೇ ಉಳಿಸಿಕೊಂಡು ಸುಮ್ಮನಾಗಬೇಡಿ. ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿದಾಗ ಅಕ್ಷರಗಳ ಕ್ರಮ ಕದಡಿ ಬರುವುದುಂಟು, ಹತ್ತು ವರ್ಷಗಳ ನಂತರ ಸಂಸ್ಥೆಯ ಇತಿಹಾಸ ಬರೆಯಲು ಕುಳಿತವರು ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡಬೇಕಾದೀತು. ತಿದ್ದಿ ಮುಗಿಸಿದ ಬರಹವನ್ನು ಯುನಿಕೋಡ್ ಪಠ್ಯವಾಗಿ, ಚಿತ್ರಗಳ ಮೂಲಪ್ರತಿಗಳೊಡನೆ, ಸಂಚಿಕೆಯ ತಿಂಗಳು ಬರೆದ ಒಂದು ಫೋಲ್ಡರಿನಲ್ಲಿ ಇಡಿ. ಮಡಚಿದ ಡಮ್ಮಿಯನ್ನೂ ಕಡತಕ್ಕೆ ಸೇರಿಸಿಡಿ.